ಲಿಸ್ಟ್ ಗೆದ್ದರಾ, ಥಾಲ್‌ಬರ್ಗ್ ಗೆದ್ದರಾ ಅಂತ ಕೇಳುವ ಮೊದಲು: 19ನೇ ಶತಮಾನದ ಮನೆಗಳ ಸಂಗೀತ ಕಛೇರಿಗಳು ಮತ್ತು ಅವುಗಳಿಂದ ಬಂದ ಹಣ

ಕಪ್ಪು_ನಾಲ್ಕು:

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ. ಲಿಸ್ಟ್ ವಿಷಯ ಬಂದಾಗಲೆಲ್ಲ ಒಂದು ಕತೆ ಬಂದೇ ಬರುತ್ತದೆ. 1837ರ ಮಾರ್ಚ್ 31, ಪ್ಯಾರಿಸ್. ಆ ಕಾಲದ ಇಬ್ಬರು ಹೆಸರಾಂತ ಪಿಯಾನೊ ವಾದಕರು, ಫ್ರಾಂಜ್ ಲಿಸ್ಟ್ ಮತ್ತು ಸಿಗಿಸ್ಮಂಡ್ ಥಾಲ್‌ಬರ್ಗ್, ಒಂದೇ ದಿನ, ಒಂದೇ ಮನೆಯಲ್ಲಿ ಪಿಯಾನೊ ನುಡಿಸಿದರು. ಪುಸ್ತಕಗಳಲ್ಲೂ ವಿಡಿಯೊಗಳಲ್ಲೂ ಇದನ್ನು ಕುಸ್ತಿಯ ಹಾಗೆ ಹೇಳುತ್ತಾರೆ. ಯಾರು ಗೆದ್ದರು, ಯಾರು ಸೋತರು, ಅಷ್ಟೇ.

ಮೊನ್ನೆ ಒಬ್ಬಳು ಪುಟ್ಟ ಹುಡುಗಿ ಕೇಳಿದಳು: "ಮಿಸ್, ಅದು ಯಾರ ಮನೆ?" ನಾನು ಹೆಸರು ಹೇಳಿ ಮುಂದೆ ಹೋದೆ. ರಾತ್ರಿ ಅದೇ ಪ್ರಶ್ನೆ ತಲೆಯಲ್ಲಿ ಕೂತಿತು. ಅದಕ್ಕೇ ಈ ಪೋಸ್ಟ್.

ಆ ಮನೆ ರಾಜಕುಮಾರಿ ಕ್ರಿಸ್ಟೀನಾ ಬೆಲ್ಜೊಯೊಸೊ ಅವರದು. 1808ರಲ್ಲಿ ಮಿಲಾನಿನಲ್ಲಿ ಹುಟ್ಟಿದವರು. ದೊಡ್ಡ ಮನೆತನ, ಬೇಕಾದಷ್ಟು ಆಸ್ತಿ. ಆಗ ಮಿಲಾನ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಈ ಹೆಣ್ಣುಮಗಳು ಇಟಲಿಯ ಸ್ವಾತಂತ್ರ್ಯಕ್ಕಾಗಿ ಹೋರಾಡುವವರ ಜೊತೆ ನಿಂತರು, ಹಣ ಕೊಟ್ಟರು. ಆಸ್ಟ್ರಿಯಾದವರು ಆಸ್ತಿಗೆ ಕೈ ಹಾಕಿದರು. ಪ್ಯಾರಿಸ್‌ಗೆ ಬಂದ ಹೊಸತರಲ್ಲಿ ಕೈಯಲ್ಲಿ ಕಾಸಿಲ್ಲದೆ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಇದ್ದರು. ಆಸ್ತಿಯ ಆದಾಯ ಮತ್ತೆ ಕೈಗೆ ಬಂದ ಮೇಲೆ ಆಂಜೂ ಬೀದಿಯಲ್ಲಿ ದೊಡ್ಡ ಮನೆ ಮಾಡಿದರು.

ಅವರ ಹಾಗೆ ಊರು ಬಿಟ್ಟು ಬಂದ ಇಟಲಿಯವರು ಪ್ಯಾರಿಸ್ಸಿನಲ್ಲಿ ತುಂಬಾ ಜನ ಇದ್ದರು. 1831ರ ದಂಗೆಗಳು ಸೋತ ಮೇಲೆ ಓಡಿಬಂದವರು. ಅವರಿಗೆ ಹಣ ಕೂಡಿಸಬೇಕಿತ್ತು. ಕ್ರಿಸ್ಟೀನಾ ತಮ್ಮ ಮನೆಯಲ್ಲೇ ಒಂದು ಮಾರಾಟ ಮೇಳ ಇಟ್ಟರು. ಅದರ ಕೊನೆಯ ಆಕರ್ಷಣೆಯೇ ಈ ಕಛೇರಿ. ಟಿಕೆಟ್ 40 ಫ್ರಾಂಕ್.

ಅಂದರೆ ಅದು ಪಂದ್ಯ ಅಲ್ಲ, ಸಹಾಯಾರ್ಥ ಕಛೇರಿ. ಆ ಕಾಲದಲ್ಲಿ ಇಂಥವು ಮನೆಗಳಲ್ಲಿ ನಡೆಯುತ್ತಿದ್ದವು. ಇದರ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ. ಯಾರು ಕೊಟ್ಟರು, ಯಾರಿಗೆ ಹೋಯಿತು, ನುಡಿಸಿದವರಿಗೆ ಏನು ಸಿಕ್ಕಿತು. ಇವು ನನಗೆ ಬೇಕು.

ಎರಡನೇ_ಸಾಲು:

ಒಳ್ಳೆಯ ವಿಷಯ ಎತ್ತಿದ್ದೀರಿ ಮೇಡಂ. ಆದರೂ ಕೇಳಿಬಿಡುತ್ತೇನೆ, ಕೊನೆಗೆ ಗೆದ್ದವರು ಯಾರು?

ಹಳೇ_ಗ್ರಾಮಫೋನು:

ನಾನು ಹೇಳುತ್ತೇನೆ, ಆಮೇಲೆ ಆ ವಿಷಯ ಬಿಡೋಣ.

ಆ ವರ್ಷದ ಮೊದಲಿಂದಲೇ ಬೆಂಕಿ ಹೊಗೆಯಾಡುತ್ತಿತ್ತು. ಜನವರಿಯಲ್ಲಿ ಲಿಸ್ಟ್ ಒಂದು ಸಂಗೀತ ಪತ್ರಿಕೆಯಲ್ಲಿ ಥಾಲ್‌ಬರ್ಗ್ ಅವರ ರಚನೆಗಳನ್ನು ಕಟುವಾಗಿ ಟೀಕಿಸಿ ಬರೆದರು. ಮಾರ್ಚ್‌ನಲ್ಲಿ ಥಾಲ್‌ಬರ್ಗ್ ಕನ್ಸರ್ವೇಟರಿಯ ಸಭಾಂಗಣದಲ್ಲಿ ನುಡಿಸಿದರು. ಒಂದು ವಾರದ ನಂತರ ಲಿಸ್ಟ್ ಅದಕ್ಕಿಂತ ಎಷ್ಟೋ ದೊಡ್ಡದಾದ ಒಪೆರಾ ಭವನದಲ್ಲಿ ನುಡಿಸಿದರು. ಊರೆಲ್ಲ ಎರಡು ಪಾಲು. ಒಂದು ಪತ್ರಿಕೆ ಇವರಿಬ್ಬರ ಪೈಪೋಟಿಯನ್ನು ಪ್ರಾಚೀನ ಕಾಲದ ಕಡುವೈರಿಗಳಾದ ರೋಮ್ ಮತ್ತು ಕಾರ್ಥೇಜ್ ನಗರಗಳ ಕದನಕ್ಕೆ ಹೋಲಿಸಿತು.

ಕ್ರಿಸ್ಟೀನಾ ಈ ಬಿಸಿಯನ್ನು ನೋಡಿ ಇಬ್ಬರನ್ನೂ ಒಂದೇ ದಿನ ಮನೆಗೆ ಕರೆದರು. ಥಾಲ್‌ಬರ್ಗ್ ರೊಸ್ಸೀನಿಯ ಮೋಸೆಸ್ ಒಪೆರಾದ ಮೇಲೆ ತಾವು ಕಟ್ಟಿದ ಫ್ಯಾಂಟಸಿ, ಅಂದರೆ ಅದರ ರಾಗಗಳನ್ನು ಹಿಡಿದು ಬೆಳೆಸಿದ ಪಿಯಾನೊ ರಚನೆ, ನುಡಿಸಿದರು. ಹೆಬ್ಬೆರಳುಗಳಿಂದ ನಡುವೆ ರಾಗ, ಮೇಲೆ ಕೆಳಗೆ ಸ್ವರಗಳ ಸುರಿಮಳೆ. ಕೇಳಿದವರಿಗೆ ಮೂರು ಕೈ ಇದ್ದ ಹಾಗೆ ಅನ್ನಿಸುತ್ತಿತ್ತಂತೆ. ಲಿಸ್ಟ್ ಪಚೀನಿಯ ನಿಯೋಬೆ ಒಪೆರಾದ ಮೇಲಿನ ತಮ್ಮ ಫ್ಯಾಂಟಸಿ ನುಡಿಸಿದರು. ವಿಮರ್ಶಕ ಝೂಲ್ ಝಾನಾನ್ ಪತ್ರಿಕೆಯಲ್ಲಿ ಬರೆದದ್ದು ಇಷ್ಟು: ಗೆದ್ದವರು ಇಬ್ಬರು, ಸೋತವರು ಯಾರೂ ಇಲ್ಲ.

ಥಾಲ್‌ಬರ್ಗ್ ಜಗತ್ತಿನಲ್ಲೇ ಮೊದಲ ಸ್ಥಾನದ ವಾದಕ, ಆದರೆ ವಾದಕ ಅಂತ ಇರುವುದು ಲಿಸ್ಟ್ ಒಬ್ಬರೇ ಅನ್ನುವ ಮಾತು ಕ್ರಿಸ್ಟೀನಾ ಅವರ ಹೆಸರಿನಲ್ಲಿ ಓಡಾಡುತ್ತದೆ. ಮನೆಯೊಡತಿ ಆದವಳು ಇಬ್ಬರು ಅತಿಥಿಗಳಲ್ಲಿ ಯಾರನ್ನೂ ನೋಯಿಸದೆ ಕಳಿಸಬೇಕಲ್ಲ, ಅಂಥ ಮಾತು ಅದು.

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. ಥಾಲ್‌ಬರ್ಗ್ ಆಗ ಆಸ್ಟ್ರಿಯಾದ ಚಕ್ರವರ್ತಿಯ ಆಸ್ಥಾನ ಪಿಯಾನೊ ವಾದಕ. ಆ ಬಿರುದು ಅವರಿಗೆ 1834ರಲ್ಲಿ ಸಿಕ್ಕಿತ್ತು. ಅಂಥವರು ಆಸ್ಟ್ರಿಯಾದ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರ ನೆರವಿಗೆ ನುಡಿಸಿದರು. ದೊಡ್ಡ ಸಭಾಂಗಣದಲ್ಲಿ ಆ ನಿರಾಶ್ರಿತರ ಹೆಸರು ಹಾಕಿ ಹಣ ಎತ್ತುವುದು ಬೇರೆ, ಒಬ್ಬ ರಾಜಕುಮಾರಿ ಮನೆಗೆ ಕರೆದಾಗ ಹೋಗಿ ನುಡಿಸುವುದು ಬೇರೆ. ಮನೆ ಅನ್ನುವುದು ಅಲ್ಲಿ ಒಂದು ಮರೆ ಕೊಟ್ಟಿತು ಅಂತ ನನ್ನ ಅನಿಸಿಕೆ.

ಕಪ್ಪು_ನಾಲ್ಕು:

ಆಸ್ಥಾನದ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ಇದನ್ನು ಖಂಡಿತ ಮಕ್ಕಳಿಗೆ ಹೇಳುತ್ತೇನೆ.

ಲೆಕ್ಕದ_ಪುಸ್ತಕ:

40 ಫ್ರಾಂಕ್ ಅಂದರೆ ಎಷ್ಟು ಅಂತ ಯಾರಾದರೂ ಕೇಳುವ ಮೊದಲು ನಾನೇ ಹೇಳುತ್ತೇನೆ. ಆ ಕಾಲದ ಪ್ಯಾರಿಸ್ಸಿನಲ್ಲಿ ಒಬ್ಬ ಸಾಮಾನ್ಯ ಕೂಲಿಗೆ ದಿನಕ್ಕೆ ಎರಡು ಮೂರು ಫ್ರಾಂಕ್ ಸಿಗುತ್ತಿತ್ತು. ಎರಡು ವಾರಕ್ಕೂ ಹೆಚ್ಚು ದುಡಿದರೆ ಒಂದು ಟಿಕೆಟ್. ಪೋಲೆಂಡಿನಿಂದ ಬಂದ ಪಿಯಾನೊ ವಾದಕ, ರಚನಾಕಾರ ಶೋಪಾನ್ ಅವರ ಒಂದು ಪಿಯಾನೊ ಪಾಠಕ್ಕೆ 20 ಫ್ರಾಂಕ್. ಊರಿನ ಅತಿ ದುಬಾರಿ ಮೇಷ್ಟ್ರುಗಳಲ್ಲಿ ಅವರೊಬ್ಬರು. ಅವರ ಎರಡು ಪಾಠದ ದುಡ್ಡು ಈ ಒಂದು ಟಿಕೆಟ್‌ಗೆ.

ಹೀಗಾಗಿ ಟಿಕೆಟ್ ಕೊಂಡವರು ಬರೀ ಸಂಗೀತಕ್ಕೆ ದುಡ್ಡು ಕೊಡಲಿಲ್ಲ. ಆ ಮನೆಯ ಒಳಗೆ ಕಾಲಿಡುವುದಕ್ಕೂ ಕೊಟ್ಟರು. ಬೇರೆ ದಿನ ಆ ಮನೆಗೆ ಹೋಗಬೇಕಾದರೆ ಆಮಂತ್ರಣ ಬೇಕು. ಅವತ್ತು 40 ಫ್ರಾಂಕ್ ಸಾಕು. ಮನೆಯ ಬಾಗಿಲೇ ಅಲ್ಲಿ ಮಾರಾಟದ ವಸ್ತು. ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಕ್ರಿಸ್ಟೀನಾ ತಮ್ಮ ಹತ್ತಿರ ಏನಿತ್ತೋ ಅದನ್ನು ಮಾರಿದರು. ಹೆಸರಿತ್ತು, ಮನೆಯಿತ್ತು, ಪರಿಚಯಗಳಿದ್ದವು.

ಮಲೆನಾಡ_ಮಳೆ:

ನುಡಿಸಿದವರಿಗೆ ಏನು ಸಿಕ್ಕಿತು ಅಂತ ಕೇಳಿದ್ದೀರಿ. ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಸಹಾಯಾರ್ಥ ಕಛೇರಿಗೆ ಇಂಗ್ಲಿಷಿನಲ್ಲಿ ಬೆನಿಫಿಟ್ ಅನ್ನುತ್ತಾರೆ. ಆ ಮಾತಿಗೆ ಆಗ ಎರಡು ಅರ್ಥ ಇತ್ತು. ಒಂದು, ನಾವು ಈಗ ಹೇಳುವ ಹಾಗೆ ಕಷ್ಟದಲ್ಲಿ ಇರುವವರಿಗೆ ಹಣ ಎತ್ತುವುದು. ಇನ್ನೊಂದು, ಕಲಾವಿದರು ತಮ್ಮ ಸ್ವಂತ ಬದುಕಿಗೆ ಹಣ ಎತ್ತುವುದು. ಎರಡನೆಯದೇ ಜಾಸ್ತಿ. ಲಂಡನ್ನಿನಲ್ಲಿ ಸೀಸನ್, ಅಂದರೆ ಶ್ರೀಮಂತರು ಊರಿನಲ್ಲಿ ಸೇರುವ ಕಾಲ, ಬಂತೆಂದರೆ ಒಬ್ಬರಾದ ಮೇಲೆ ಒಬ್ಬರು ತಮ್ಮ ಬೆನಿಫಿಟ್ ಇಡುತ್ತಿದ್ದರು. ಖರ್ಚು ಕಳೆದು ಉಳಿದದ್ದು ಅವರ ಜೇಬಿಗೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ.

ಅಂಥ ಕಛೇರಿಗೆ ಬೇರೆ ಕಲಾವಿದರು ಬಂದು ಹಣ ಇಲ್ಲದೆ ಹಾಡುತ್ತಿದ್ದರು, ನುಡಿಸುತ್ತಿದ್ದರು. ಯಾಕೆ? ನಾಳೆ ತಮ್ಮ ಕಛೇರಿಗೆ ಇವರು ಬರಬೇಕಲ್ಲ. ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಅಂತ ಹೋಗುತ್ತೇವೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದೆ, ನಾಳೆ ನೀವು ನನ್ನ ಗದ್ದೆಗೆ. ದುಡ್ಡು ಇಲ್ಲ, ಆದರೆ ಲೆಕ್ಕ ಪಕ್ಕಾ. ಆ ಲೋಕವನ್ನು ನಾನು ಅರ್ಥ ಮಾಡಿಕೊಂಡದ್ದು ಈ ಮುಯ್ಯಾಳಿನ ದಾರಿಯಿಂದ. ಒಂದೇ ಕಛೇರಿಯಲ್ಲಿ ಹತ್ತು ಹನ್ನೆರಡು ಜನರ ಹೆಸರು ಯಾಕೆ ಇರುತ್ತಿತ್ತು ಅಂತ ಆಗ ತಿಳಿಯುತ್ತದೆ.

ಬಾಡಿಗೆ ಸಭಾಂಗಣ ಹಿಡಿದರೆ ಖರ್ಚು ಹೆಚ್ಚು. ಶ್ರೀಮಂತರೊಬ್ಬರು ತಮ್ಮ ಹಜಾರ ಕೊಟ್ಟರೆ ಬಾಡಿಗೆ ಉಳಿಯಿತು. ಅವರ ಹೆಸರಿನಿಂದ ಟಿಕೆಟ್ಟೂ ಹೋಯಿತು.

ಎರಡನೇ_ಸಾಲು:

ಮುಯ್ಯಾಳು! ಎಷ್ಟು ಸರಿಯಾದ ಮಾತು. ನಮ್ಮ ಅಜ್ಜಿ ಹೇಳುತ್ತಿದ್ದ ಪದ. ಸ್ವಂತಕ್ಕೆ ಬೆನಿಫಿಟ್ ಇಟ್ಟವರಲ್ಲಿ ದೊಡ್ಡವರು ಯಾರಾದರೂ ಇದ್ದಾರಾ?

ಕಪ್ಪು_ನಾಲ್ಕು:

ಇದ್ದಾರೆ. ಶೋಪಾನ್. ಇದನ್ನು ಬರೆಯುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೂ ಪೂರ್ತಿ ಬರೆಯುತ್ತೇನೆ.

1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಾಂತಿ ಆಯಿತು. ಹಣ ಇದ್ದವರು ಊರು ಬಿಟ್ಟರು. ಅವರ ಜೊತೆ ಶೋಪಾನ್ ಅವರ ಶಿಷ್ಯರೂ ಹೋದರು. ಪಾಠವೇ ಅವರ ಜೀವನ. ಕ್ಷಯ ಆಗಲೇ ಮೈ ತಿಂದಿತ್ತು. ಏಪ್ರಿಲ್ 20ಕ್ಕೆ ಲಂಡನ್‌ಗೆ ಬಂದರು. ಡೋವರ್ ಬೀದಿಯಲ್ಲಿ ಮನೆ ಹಿಡಿದರು. ಪ್ಲೇಯೆಲ್, ಎರಾರ್, ಬ್ರಾಡ್‌ವುಡ್ ಮೂರೂ ಕಂಪನಿಯ ಪಿಯಾನೊ ಆ ಒಂದೇ ಮನೆಯಲ್ಲಿ ಇದ್ದವು. ಪಿಯಾನೊ ಮೂರು ಇತ್ತು, ಆದಾಯ ಇರಲಿಲ್ಲ.

ಫಿಲ್ಹಾರ್ಮೋನಿಕ್ ಸೊಸೈಟಿಯ ಕಛೇರಿಗೆ ಕರೆ ಬಂದಿತ್ತು. ಲಂಡನ್ನಿನಲ್ಲಿ ಅದು ದೊಡ್ಡ ಗೌರವ. ಅವರು ಒಪ್ಪಲಿಲ್ಲ. ಆರ್ಕೆಸ್ಟ್ರಾ ಜೊತೆ ಒಂದೇ ರಿಹರ್ಸಲ್ ಸಿಗುತ್ತಿತ್ತು. ಅವರ ನುಡಿಸಾಣಿಕೆಯಲ್ಲಿ ಸದ್ದು ಬಹಳ ಮೆತ್ತಗೆ. ದೊಡ್ಡ ಹಾಲಿನಲ್ಲಿ ಅದು ಹಿಂದಿನ ಸಾಲು ಮುಟ್ಟುವುದೇ ಕಷ್ಟ.

ಹಾಗಾಗಿ ಮನೆ. ಜೂನ್ 23ರಂದು ಈಟನ್ ಪ್ಲೇಸ್‌ನ 99ನೇ ನಂಬರ್ ಮನೆಯಲ್ಲಿ ಮೊದಲನೆಯದು. ಅದು ಅಡಿಲೇಡ್ ಸಾರ್ಟೋರಿಸ್ ಅವರ ಮನೆ. ಆಕೆ ಮದುವೆಗೆ ಮೊದಲು ಅಡಿಲೇಡ್ ಕೆಂಬಲ್, ಹೆಸರಾಂತ ಒಪೆರಾ ಗಾಯಕಿ. ಮದುವೆಯಾದ ಮೇಲೆ ರಂಗ ಬಿಟ್ಟಿದ್ದರು. ಹಾಡುವವರ ಕಷ್ಟ ಹಾಡಿದವರಿಗೇ ಗೊತ್ತು ಅಲ್ವಾ? ಟಿಕೆಟ್ ಒಂದು ಗಿನಿ, 150 ಜನರಿಗೆ ಮಾತ್ರ. ಗಾಯಕ ಮಾರಿಯೊ ಬಂದು ಹಾಡಿದರು. ಎರಡನೆಯದು ಜುಲೈ 7ಕ್ಕೆ, ಸೇಂಟ್ ಜೇಮ್ಸ್ ಸ್ಕ್ವೇರ್‌ನಲ್ಲಿ ಲಾರ್ಡ್ ಫಾಲ್ಮತ್ ಅವರ ಮನೆಯಲ್ಲಿ. ಅಲ್ಲಿ ಪೋಲೀನ್ ವಿಯಾರ್ಡೊ ಹಾಡಿದರು. ಏನು ಹಾಡಿದರು ಗೊತ್ತಾ? ಶೋಪಾನ್ ಅವರದೇ ಮಜುರ್ಕಾಗಳು, ಅಂದರೆ ಪೋಲೆಂಡಿನ ಕುಣಿತದ ಲಯದಲ್ಲಿ ಅವರು ಬರೆದ ಪಿಯಾನೊ ರಚನೆಗಳು. ಅವಕ್ಕೆ ಮಾತು ಸೇರಿಸಿ, ತಾವೇ ಹಾಡಾಗಿ ಮಾರ್ಪಡಿಸಿಕೊಂಡಿದ್ದರು. ಬರೆದವರು ಅಲ್ಲೇ ಕೂತಿದ್ದಾರೆ, ಅವರ ರಾಗ ಇನ್ನೊಬ್ಬರ ಗಂಟಲಿನಿಂದ ಬರುತ್ತಿದೆ. ಆ ಕೋಣೆಯಲ್ಲಿ ಒಂದು ಮೂಲೆ ನನಗೆ ಸಿಕ್ಕಿದ್ದರೆ ಸಾಕಿತ್ತು.

ಲೆಕ್ಕದ_ಪುಸ್ತಕ:

ಗಿನಿ ಅಂದರೆ 21 ಶಿಲಿಂಗ್. ಒಂದು ಪೌಂಡಿಗಿಂತ ಒಂದು ಶಿಲಿಂಗ್ ಜಾಸ್ತಿ. 1848ರ ಹೊತ್ತಿಗೆ ಗಿನಿ ನಾಣ್ಯ ಅಚ್ಚು ಹಾಕುವುದು ನಿಂತು ಮೂವತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಆದರೂ ಡಾಕ್ಟರ್ ಫೀಸು, ಕಲಾವಿದರ ಫೀಸು ಗಿನಿಯಲ್ಲೇ ಹೇಳುತ್ತಿದ್ದರು. ಅದು ಮರ್ಯಾದೆಯ ಲೆಕ್ಕ.

150 ಟಿಕೆಟ್ಟೂ ಹೋದರೆ 150 ಗಿನಿ, ಅಂದರೆ 157 ಪೌಂಡ್ 10 ಶಿಲಿಂಗ್. ಲಂಡನ್ನಿನಲ್ಲಿ ಶೋಪಾನ್ ಒಂದು ಪಾಠಕ್ಕೆ ಒಂದು ಗಿನಿ ತೆಗೆದುಕೊಳ್ಳುತ್ತಿದ್ದರು. ಶ್ರೀಮಂತರ ಮನೆಯಲ್ಲಿ ಒಂದು ಸಂಜೆ ನುಡಿಸಲು 20 ಗಿನಿ ಕೇಳುತ್ತಿದ್ದರು. ಉಸಿರಾಡಲು ಕಷ್ಟಪಡುವ ಮನುಷ್ಯ 150 ಪಾಠ ಮಾಡುವ ಬದಲು ಒಂದು ಮಧ್ಯಾಹ್ನ ಕೂತು ನುಡಿಸಿದರೆ ಅಷ್ಟೇ ಹಣ. ಈ ಒಂದು ಲೆಕ್ಕ ಸಾಕು, ಆ ಮನೆಯವರು ಎಂಥ ಉಪಕಾರ ಮಾಡಿದರು ಅಂತ ತಿಳಿಯಲು.

ಕೆಂಪು_ಶಾಯಿ:

ಎಲ್ಲರ ಬರಹ ಓದಿದೆ. ನನ್ನದು ಒಂದು ಆಕ್ಷೇಪ ಇದೆ. ಜಗಳಕ್ಕಲ್ಲ, ಮನಸ್ಸಿನಲ್ಲಿ ಇರುವುದನ್ನು ಹೇಳುತ್ತಿದ್ದೇನೆ.

ಈ ಮನೆಗಳು ಎಷ್ಟು ದೊಡ್ಡವು, ಆ ಹಣ ಎಲ್ಲಿಂದ ಬಂತು ಅಂತಲೂ ಕೇಳಬೇಕು. ಲಂಡನ್ನಿನ ಸ್ಟಾಫರ್ಡ್ ಹೌಸ್ ತೆಗೆದುಕೊಳ್ಳಿ. ಸದರ್ಲೆಂಡ್ ಡ್ಯೂಕ್ ಮನೆತನದ ಅರಮನೆ. 1848ರ ಮೇ 15ರಂದು ಶೋಪಾನ್ ವಿಕ್ಟೋರಿಯಾ ರಾಣಿಯ ಮುಂದೆ ನುಡಿಸಿದ್ದು ಅಲ್ಲೇ. ಆ ಮನೆತನದ ಹಿಂದಿನ ತಲೆಮಾರು ಸ್ಕಾಟ್ಲೆಂಡಿನ ತಮ್ಮ ಜಮೀನಿನಿಂದ ಸಾವಿರಾರು ಬಡ ರೈತರನ್ನು ಒಕ್ಕಲೆಬ್ಬಿಸಿತ್ತು. ಕುರಿ ಸಾಕಿದರೆ ಲಾಭ ಜಾಸ್ತಿ ಅಂತ. ಮುಂದೆ ಅದೇ ಮನೆಯ ಡಚೆಸ್ ಹ್ಯಾರಿಯೆಟ್ ಅಮೆರಿಕದ ಗುಲಾಮಗಿರಿಯ ವಿರುದ್ಧ ಮನವಿ ಹೊರಡಿಸಿದರು. 5 ಲಕ್ಷಕ್ಕೂ ಹೆಚ್ಚು ಹೆಂಗಸರು ಸಹಿ ಹಾಕಿದರು. 1853ರಲ್ಲಿ ಕಾರ್ಲ್ ಮಾರ್ಕ್ಸ್ ಇದನ್ನೇ ಹಿಡಿದು ಬರೆದರು. ಸ್ವಂತ ಜಮೀನಿನಲ್ಲಿ ಜನರ ಮನೆ ಕಿತ್ತವರು ಯಾವ ಬಾಯಿಂದ ಇದನ್ನು ಹೇಳುತ್ತಾರೆ ಅನ್ನುವುದು ಅವರ ವಾದ.

ಹೀಗಿರುವಾಗ ಆ ಹಜಾರಗಳಲ್ಲಿ ಎತ್ತಿದ ಹಣವನ್ನು ಬರೀ ಪ್ರೀತಿಯಿಂದ ನೋಡುವುದು ನನಗೆ ಆಗುವುದಿಲ್ಲ.

ಹಳೇ_ಗ್ರಾಮಫೋನು:

ನಿಮ್ಮ ಮಾತು ನ್ಯಾಯವಾದದ್ದು. ಆ ರೈತರನ್ನು ಮರೆಯಬಾರದು. ಆದರೆ ಅದೇ ಸ್ಟಾಫರ್ಡ್ ಹೌಸ್‌ನಲ್ಲಿ ಅದೇ 1853ರಲ್ಲಿ ಹಾಡಿದ ಇನ್ನೊಬ್ಬರ ಕತೆ ಹೇಳಲೇಬೇಕು.

ಎಲಿಜಬೆತ್ ಟೇಲರ್ ಗ್ರೀನ್‌ಫೀಲ್ಡ್. ಅಮೆರಿಕದ ಮಿಸಿಸಿಪಿಯ ನ್ಯಾಚೆಜ್‌ನಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಒಬ್ಬ ಮಹಿಳೆಯ ಆಶ್ರಯದಲ್ಲಿ ಬೆಳೆದರು. ಹಾಡು ಹೆಚ್ಚಾಗಿ ತಾವೇ ಕಲಿತದ್ದು. ಮೂರು ಸ್ಥಾಯಿಗೂ ಮೀರಿ ಓಡಾಡುವ ದನಿ. ಜನ 'ಕಪ್ಪು ಹಂಸ' ಅಂತ ಕರೆದರು. ಕಛೇರಿ ಮಾಡಲು ಲಂಡನ್‌ಗೆ ಬಂದರೆ, ಕರೆಸಿದ ಮ್ಯಾನೇಜರ್ ಮಾತು ತಪ್ಪಿದ. ಗೊತ್ತಿಲ್ಲದ ಊರು, ಕೈಯಲ್ಲಿ ಹಣ ಇಲ್ಲ.

ಆಗ ಗುಲಾಮಗಿರಿಯ ವಿರುದ್ಧ ಕಾದಂಬರಿ ಬರೆದ ಅಮೆರಿಕದ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಲಂಡನ್ನಿನಲ್ಲೇ ಇದ್ದರು. ಅವರೂ ಡಚೆಸ್ ಅವರೂ ಕೈ ಹಿಡಿದರು. ಸ್ಟಾಫರ್ಡ್ ಹೌಸ್‌ನಲ್ಲಿ ಗ್ರೀನ್‌ಫೀಲ್ಡ್ ಹಾಡಿದರು. ಪಿಯಾನೊದಲ್ಲಿ ಜೊತೆ ಕೊಟ್ಟವರು ಸರ್ ಜಾರ್ಜ್ ಸ್ಮಾರ್ಟ್, ರಾಜಮನೆತನದ ಸಂಗೀತಗಾರ. ಮರುವರ್ಷ ಮೇ 10ಕ್ಕೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಣಿಯ ಮುಂದೆ ಹಾಡಿದರು.

ಆ ಮನೆಯ ಹಣದ ಮೂಲ ಕೊಳಕಾಗಿತ್ತು. ಹಾಡಿದವರ ಕಷ್ಟ ನಿಜವಾಗಿತ್ತು. ಎರಡೂ ನಿಜ. ನಾನು ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾರೆ.

ಕೆಂಪು_ಶಾಯಿ:

ಗ್ರೀನ್‌ಫೀಲ್ಡ್ ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಧನ್ಯವಾದ ಸರ್. ಇವತ್ತೇ ಹುಡುಕಿ ಓದುತ್ತೇನೆ. ನನ್ನ ಆಕ್ಷೇಪ ಹಾಗೇ ಇದೆ. ಆದರೆ ಅದು ಮನೆಯೊಡೆಯರ ಮೇಲೆ, ಹಾಡಿದವರ ಮೇಲಲ್ಲ.

ತಂಬೂರಿ_ತಂತಿ:

ನಾನು ಸುಮ್ನೆ ಓದಿಕೊಂಡು ಹೋಗುವವಳು. ಇವತ್ತು ಬರೆಯಬೇಕು ಅನ್ನಿಸಿತು.

ಕೆಲವು ವರ್ಷದ ಹಿಂದೆ ನಮ್ಮ ಮನೆಯ ಹಾಲಿನಲ್ಲಿ ಒಂದು ಸಹಾಯಾರ್ಥ ಕಛೇರಿ ಇಟ್ಟಿದ್ದೆವು. ಮೃದಂಗ ನುಡಿಸುವ ಹಿರಿಯರೊಬ್ಬರಿಗೆ ಆಪರೇಷನ್ ಆಗಬೇಕಿತ್ತು. ಐವತ್ತು ಜನ ಬಂದರು. ಸೋಫಾ ಪಕ್ಕದ ಮನೆಗೆ ಸಾಗಿಸಿದೆವು, ಜಮಖಾನೆ ಹಾಸಿದೆವು. ಕಾಫಿ, ಉಪ್ಪಿಟ್ಟು, ಕೇಸರಿಬಾತ್ ನಾವೇ ಮಾಡಿದೆವು. ಅವತ್ತು ನಾನು ಒಂದು ಕೃತಿಯನ್ನೂ ಪೂರ್ತಿ ಕೇಳಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ತನಿ ಮಾತ್ರ ಕೇಳಿದೆ. ಬೇಜಾರಿಲ್ಲ. ಆದರೆ ಕಾರ್ಯಕ್ರಮದ ಫೋಟೊಗಳಲ್ಲಿ ಅಡುಗೆಮನೆಯಲ್ಲಿ ಇದ್ದ ಮೂರು ಜನ ಹೆಂಗಸರು ಒಬ್ಬರೂ ಇಲ್ಲ.

ಕ್ರಿಸ್ಟೀನಾ ಅವರ ಮನೆಯಲ್ಲಿ ಅವತ್ತು ಕುರ್ಚಿ ಜೋಡಿಸಿದವರು, ಮೇಣದಬತ್ತಿ ಹಚ್ಚಿದವರು, ಪಿಯಾನೊ ಶ್ರುತಿ ಮಾಡಿದವರು ಇದ್ದೇ ಇರಬೇಕಲ್ಲ. ಅವರನ್ನು ನೆನೆಸಿಕೊಂಡೆ, ಅಷ್ಟೇ.

ಕಪ್ಪು_ನಾಲ್ಕು:

ಅಕ್ಕ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಮೊದಲ ಪೋಸ್ಟ್‌ನಲ್ಲಿ ಪಿಯಾನೊ ವಾದಕರಿಂದ ಮನೆಯೊಡತಿಯ ತನಕ ಬಂದೆ. ನೀವು ಅಲ್ಲಿಂದ ಅಡುಗೆಮನೆಗೆ ಕರೆದುಕೊಂಡು ಹೋದಿರಿ. ಮೃದಂಗದ ಹಿರಿಯರು ಹೇಗಿದ್ದಾರೆ?

ತಂಬೂರಿ_ತಂತಿ:

ಚೆನ್ನಾಗಿದ್ದಾರೆ. ಈಗ ಕಛೇರಿ ಬಿಟ್ಟಿದ್ದಾರೆ, ಪಾಠ ಹೇಳುತ್ತಾರೆ.

ಮಲೆನಾಡ_ಮಳೆ:

ಒಂದು ಪ್ರಶ್ನೆ. ಮನೆಯಲ್ಲಿ ಮಾಡಿದ್ದಕ್ಕೂ ಹೊರಗಿನ ಹಾಲಿನಲ್ಲಿ ಮಾಡಿದ್ದಕ್ಕೂ ಕಲಾವಿದರಿಗೆ ವ್ಯತ್ಯಾಸ ಇತ್ತಾ? ಹಣ ಬಿಟ್ಟು ಕೇಳುತ್ತಿದ್ದೇನೆ.

ಹಳೇ_ಗ್ರಾಮಫೋನು:

ಶೋಪಾನ್ ಅವರ ಅದೇ ವರ್ಷದಲ್ಲೇ ಉತ್ತರ ಇದೆ.

ಈಟನ್ ಪ್ಲೇಸ್‌ನಲ್ಲಿ ಕೇಳಲೆಂದೇ ಬಂದ 150 ಜನ. ಬಾಗಿಲು ಮುಚ್ಚಿದರೆ ಮೆತ್ತಗಿನ ಸ್ವರವೂ ಕೇಳಿಸುವಷ್ಟು ಜಾಗ. ಬೇಸಿಗೆ ಕಳೆದು ಸ್ಕಾಟ್ಲೆಂಡ್ ಸುತ್ತಿ ಅಕ್ಟೋಬರ್ ಕೊನೆಗೆ ಅವರು ಲಂಡನ್‌ಗೆ ಮರಳಿದರು. ಅಷ್ಟರಲ್ಲಿ ಮೆಟ್ಟಿಲು ಹತ್ತಲೂ ಶಕ್ತಿ ಇರಲಿಲ್ಲ. ನವೆಂಬರ್ 16ಕ್ಕೆ ಗಿಲ್ಡ್‌ಹಾಲ್‌ನಲ್ಲಿ ಪೋಲೆಂಡಿನ ನಿರಾಶ್ರಿತರಿಗಾಗಿ ಒಂದು ದೊಡ್ಡ ಕಾರ್ಯಕ್ರಮ. ಕಛೇರಿ ಮತ್ತು ನೃತ್ಯಕೂಟ ಒಟ್ಟಿಗೆ. ತಮ್ಮ ನಾಡಿನವರಿಗೆ ಅಂತ ಹಾಸಿಗೆಯಿಂದ ಎದ್ದು ಬಂದರು. ಜನ ಕುಣಿದು ಬೆವರಿ ಬಂದವರು, ಸಂಗೀತದ ಕಡೆ ಗಮನ ಯಾರಿಗೂ ಇರಲಿಲ್ಲ. ಅವರ ನುಡಿಸಾಣಿಕೆ ಹೆಚ್ಚೂಕಡಿಮೆ ಯಾರಿಗೂ ಮುಟ್ಟಲಿಲ್ಲ.

ಅವರು ಜನರ ಮುಂದೆ ನುಡಿಸಿದ್ದು ಅದೇ ಕೊನೆ. 1849ರ ಅಕ್ಟೋಬರ್ 17ಕ್ಕೆ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ವಯಸ್ಸು 39.

ಎರಡನೇ_ಸಾಲು:

ಓದಿ ಕಣ್ಣು ತುಂಬಿತು. ಕೊನೆಯ ಸಲವೂ ಸಹಾಯಾರ್ಥವೇ, ಅದೂ ಸ್ವಂತಕ್ಕಲ್ಲ.

ಕ್ರಿಸ್ಟೀನಾ ಆಮೇಲೆ ಏನಾದರು?

ಕಪ್ಪು_ನಾಲ್ಕು:

1848ರಲ್ಲಿ ಮಿಲಾನ್ ಆಸ್ಟ್ರಿಯಾದ ವಿರುದ್ಧ ಎದ್ದಾಗ ಅವರು ನೇಪಲ್ಸ್‌ನಲ್ಲಿದ್ದರು. ಸುಮಾರು 160 ಸ್ವಯಂಸೇವಕರನ್ನು ಹಡಗಿನಲ್ಲಿ ಕರೆದುಕೊಂಡು ಹೊರಟರು, ಮಿಲಾನ್ ಸೇರಿದರು. 1849ರಲ್ಲಿ ರೋಮ್ ಗಣರಾಜ್ಯದ ಆಸ್ಪತ್ರೆಗಳ ಹೊಣೆ ಹೊತ್ತರು. ಗಾಯಾಳುಗಳ ಆರೈಕೆಗೆ ಹೆಂಗಸರನ್ನು ಕೂಡಿಸಿ ನಿಲ್ಲಿಸಿದರು. ರೋಮ್ ಬಿದ್ದ ಮೇಲೆ ಮತ್ತೆ ದೇಶ ಬಿಟ್ಟು ತುರ್ಕಿಗೆ ಹೋಗಿ ಜಮೀನು ಮಾಡಿದರು. ಇಟಲಿ ಒಂದಾದದ್ದನ್ನು ಕಣ್ಣಾರೆ ನೋಡಿದರು. 1871ರಲ್ಲಿ ತೀರಿಕೊಂಡರು.

ಈ ಹೆಣ್ಣುಮಗಳನ್ನು ಇಬ್ಬರು ಗಂಡಸರ ಪಂದ್ಯದ ಕತೆಯಲ್ಲಿ ಬರೀ ಮನೆ ಕೊಟ್ಟವರು ಅಂತ ಹೇಳಿ ಮುಗಿಸುತ್ತಿದ್ದೆವು. ನಾನೂ ಹಾಗೇ ಹೇಳುತ್ತಿದ್ದೆ.

ಲೆಕ್ಕದ_ಪುಸ್ತಕ:

ಕೇಳಲು ಏನಾದರೂ ಹೇಳಿ ಮೇಡಂ. ಆ ಮನೆಗೆ ನೇರ ಸಂಬಂಧ ಇರುವಂಥದ್ದು.

ಕಪ್ಪು_ನಾಲ್ಕು:

ಹೆಕ್ಸಾಮೆರಾನ್ ಅನ್ನುವ ಪಿಯಾನೊ ರಚನೆ ಕೇಳಿ. ಆ ನೆರವಿನ ಕಛೇರಿಗಾಗಿಯೇ ಕ್ರಿಸ್ಟೀನಾ ಬರೆಸಿದ್ದು ಅದು. ಬೆಲ್ಲೀನಿಯ ಪುರಿಟಾನಿ ಒಪೆರಾದಿಂದ ದಂಡಿನ ನಡಿಗೆಯ ಒಂದು ಹಾಡನ್ನು ಆರಿಸಿದರು. ಸ್ವಾತಂತ್ರ್ಯಕ್ಕಾಗಿ ಸಾಯಲೂ ಸಿದ್ಧ ಅನ್ನುವ ಇಬ್ಬರ ಹಾಡು ಅದು. ಬೆಲ್ಲೀನಿ ಕ್ರಿಸ್ಟೀನಾ ಅವರ ಮನೆಗೆ ಬರುತ್ತಿದ್ದವರು. 1835ರಲ್ಲಿ ಪ್ಯಾರಿಸ್ ಹತ್ತಿರ ತೀರಿಕೊಂಡಿದ್ದರು. ಆ ಹಾಡಿನ ಮೇಲೆ ಆರು ಜನ ಪಿಯಾನೊ ವಾದಕರು ಒಂದೊಂದು ವೇರಿಯೇಷನ್, ಅಂದರೆ ಅದೇ ರಾಗದ ಬೇರೆ ರೂಪ, ಬರೆಯಬೇಕಿತ್ತು. ಲಿಸ್ಟ್, ಥಾಲ್‌ಬರ್ಗ್, ಪಿಕ್ಸಿಸ್, ಹೆರ್ಟ್ಸ್, ಚೆರ್ನಿ, ಶೋಪಾನ್. ನಡುವಿನ ಕೊಂಡಿಗಳನ್ನೂ ಮುಕ್ತಾಯವನ್ನೂ ಲಿಸ್ಟ್ ಹೆಣೆದರು. ಆದರೆ ಮಾರ್ಚ್ 31ಕ್ಕೆ ಅದು ಮುಗಿಯಲೇ ಇಲ್ಲ. ಆಮೇಲೆ ಲಿಸ್ಟ್ ಊರೂರಲ್ಲಿ ಅದನ್ನು ನುಡಿಸಿದರು.

ಮೊದಲ ಐದು ವೇರಿಯೇಷನ್‌ಗಳಲ್ಲಿ ಹೆಚ್ಚಾಗಿ ಒಬ್ಬರಿಗಿಂತ ಒಬ್ಬರು ಕೈಚಳಕ ತೋರಿಸುತ್ತಾರೆ. ಆರನೆಯದು ಶೋಪಾನ್ ಅವರದು. ಅಲ್ಲಿಗೆ ಬಂದಾಗ ಎಲ್ಲ ನಿಧಾನ ಆಗುತ್ತದೆ. ದಂಡಿನ ಹಾಡು ಅಂತ ಗುರುತೇ ಸಿಗದ ಹಾಗೆ, ರಾತ್ರಿ ಒಬ್ಬರೇ ಕೂತು ಗುನುಗಿದ ಹಾಗೆ. ವಾಲ್ಯೂಮ್ ಹೆಚ್ಚು ಮಾಡಬೇಡಿ. ಕಿಟಕಿ ಹಾಕಿಕೊಂಡು ಕೇಳಿ.